ಖಾಲಿ ತಾರೀಖು

ಬಂದರಿನ ನೌಕರರ ಕ್ಷೇಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸೊನ್ನೆಯಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳು ಓಗೊಡುತ್ತಲೂ ಇದ್ದಳು. ಆ ಹೆಸರಿಟ್ಟವರು ನಮ್ಮ ಸಾಹೇಬರು. ಅವರು ಒಮ್ಮೆ ಸದಸ್ಯರ ಪಟ್ಟಿಯನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡಾಗ ಸದಸ್ಯ ಸಂಖ್ಯೆಗಳ ಮುಂದಿದ್ದ ಸೊನ್ನೆಗಳೆಲ್ಲ ಮಾಯವಾಗಿದ್ದವು. ಇವಳು ನೆಟ್ಟಗೆ ಅವರ ಕೋಣೆಗೆ ಹೋಗಿ, "ಸಾರ್, ನನ್ನ ಸೊನ್ನೆಗಳನ್ನ ವಾಪಸ್ ಕೊಡಿ" ಎಂದಳಂತೆ.

"ಮುಂದಿರೋ ಸೊನ್ನೆಗೆ ಬೆಲೆ ಇಲ್ಲವಲ್ಲಮ್ಮಾ."

"ಇದು ಕೂಡೋ ಕಳೆಯೋ ಅಂಕಿ ಅಲ್ಲ ಸಾರ್, ಕರೆಯೋ ಅಂಕಿ. ನಿಮ್ಮ ಹೆಸರಿನ ಮೊದಲೆರಡು ಅಕ್ಷರ ತೆಗೆದು ಕೂಗಿದ್ರೆ ನೀವು ತಿರುಗಿ ನೋಡ್ತೀರಾ?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವಳು ಸೊನ್ನೆಯಮ್ಮ.

ನಾನು ಆರೋಗ್ಯ ಕಾರ್ಡಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಅವಳ ಮೇಜಿಗೂ ನನ್ನ ಮೇಜಿಗೂ ನಡುವೆ ಒಂದು ಗಾಜಿನ ಗೋಡೆ. ಅದರಾಚೆ ಅವಳ ಕಂಪ್ಯೂಟರಿನ ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರಗಳು. ನಮ್ಮ ಬಂದರಿನಲ್ಲಿ ಹಗ್ಗ ಎಳೆದವರು, ಮೂಟೆ ಹೊತ್ತವರು, ಕ್ರೇನ್ ಓಡಿಸಿದವರು, ಅವರ ಹೆಂಡತಿ ಮಕ್ಕಳು, ಎಲ್ಲರೂ ಆ ಪರದೆಯ ಒಳಗಿದ್ದರು. ಕಚೇರಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ, ತನ್ನ ಮದುವೆಗೂ ಮುಂಚೆ, ಆ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಆಮೇಲೆ ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ.

"ಈ ಫೀಲ್ಡ್ ಅಂತೀಯಲ್ಲ, ಹಾಗಂದ್ರೆ ಏನಕ್ಕಾ?" ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ.

"ಗೂಡು ಕಣೇ. ಹೆಸರಿಗೊಂದು ಗೂಡು, ನಂಬರಿಗೊಂದು ಗೂಡು, ತಾರೀಖಿಗೊಂದು ಗೂಡು. ಎಷ್ಟು ಅಗಲ ಅಂತ ಮೊದಲೇ ಹೇಳಿರಬೇಕು. ಹೆಸರು ಗೂಡಿಗಿಂತ ಉದ್ದ ಇದ್ರೆ ಬಾಲ ಕತ್ತರಿಸಿ ಹೋಗುತ್ತೆ. ಚಿಕ್ಕದಿದ್ರೆ ಮಿಕ್ಕ ಜಾಗದಲ್ಲಿ ಬರೀ ಖಾಲಿ. ಅಕ್ಷರ ಎಡಕ್ಕೆ ಒರಗುತ್ತೆ, ಅಂಕಿ ಬಲಕ್ಕೆ ಒರಗುತ್ತೆ. ತಾರೀಖು ಮಾತ್ರ ಮಹಾ ಬೆರಕಿ. ಒಳಗಿರೋ ರೂಪವೇ ಬೇರೆ, ಹೊರಗೆ ಹಾಕ್ಕೊಂಡು ಬರೋ ವೇಷವೇ ಬೇರೆ."

ದೀಪಸ್ತಂಭದ ಒಬ್ಬ ಕಾವಲುಗಾರ, ತನ್ನ ಹೆಸರು ಆ ಗೂಡಿಗೆ ಹಿಡಿಸದೆ, ಪಾಪ, ಕೊನೆಯ ಅಕ್ಷರವಿಲ್ಲದೆಯೇ ನಿವೃತ್ತನಾದ. ಅವನ ವಿದಾಯದ ದಿನ ಸೊನ್ನೆಯಮ್ಮ ಅವನ ಕೈಹಿಡಿದು ಕ್ಷಮೆ ಕೇಳಿದಳು. ಅವನು, "ಬಿಡಮ್ಮಾ, ಈಗ ನನ್ನ ಹೆಂಡತಿಯೂ ಹಾಗೇ ಕರೀತಾಳೆ" ಎಂದ.

ಅವಳ ಗಂಡ ಅದೇ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ದಿನವಿಡೀ ಆಕಾಶದಲ್ಲಿ ಕೂತು ಇಳಿಯುವವನು. ಮಾತು ಕಡಿಮೆ, ಆಡಿದರೆ ನಗಿಸದೆ ಬಿಡುವವನಲ್ಲ. "ನನ್ನ ಗೂಡಿನ ಅಗಲ ಎಷ್ಟೇ?" ಎಂದು ಊಟಕ್ಕೆ ಕೂತಾಗ ಹೊಟ್ಟೆ ತಟ್ಟಿಕೊಂಡು ಕೇಳುತ್ತಿದ್ದನಂತೆ.

ಹಳೆಯ ಪ್ರೋಗ್ರಾಮನ್ನು ತೆಗೆದು ಹೊಸದನ್ನು ಹಾಕಬೇಕೆಂದು ಮೇಲಿನಿಂದ ಆದೇಶ ಬಂದಾಗ, ಅವಳು ಅಳುತ್ತಾಳೇನೋ ಎಂದುಕೊಂಡಿದ್ದೆವು. ಅಳಲಿಲ್ಲ. "ಮಗಳನ್ನ ಒಳ್ಳೇ ಮನೆಗೆ ಕೊಡೋದಲ್ವಾ" ಎಂದಳು. ಹೊಸ ಪ್ರೋಗ್ರಾಮನ್ನು ಹೊರಗಿನ ಕಂಪನಿಯವರು ಮಾಡಿಕೊಟ್ಟಿದ್ದರು. ಹಳೆಯ ಗೂಡುಗಳಲ್ಲಿ ಇರುವುದನ್ನೆಲ್ಲ ಹೊಸ ಗೂಡುಗಳಿಗೆ ಒಗ್ಗುವ ಹಾಗೆ ಬದಲಿಸಿ ಸಾಗಿಸುವ ಕೆಲಸ ಮಾತ್ರ ಇವಳದು. ತಿಂಗಳುಗಟ್ಟಲೆ ಅದನ್ನೇ ಮಾಡಿದಳು. ಹೆಸರಿನ ಹಿಂದಿನ ಖಾಲಿ ಜಾಗ ಕತ್ತರಿಸಿದಳು. ಅಂಕಿಯನ್ನು ಅಕ್ಷರ ಮಾಡಿ, ಸೊನ್ನೆಗಳನ್ನು ಒಂದೊಂದಾಗಿ ಮುಂದಕ್ಕೆ ಕೂರಿಸಿದಳು. ದಿನ, ತಿಂಗಳು, ವರ್ಷ ಎಂದು ಬರೆದಿದ್ದ ತಾರೀಖನ್ನು ಬಿಡಿಸಿ, ವರ್ಷ, ತಿಂಗಳು, ದಿನ ಎಂದು ಜೋಡಿಸಿದಳು. ಆಗಾಗ ಗಾಜಿನ ಆಚೆಯಿಂದ ನನ್ನತ್ತ ನೋಡಿ ಹೆಬ್ಬೆರಳು ತೋರಿಸುತ್ತಿದ್ದಳು.

ಹೊಸದು ಶುರುವಾದ ಬೆಳಿಗ್ಗೆ ಸಾಹೇಬರು ಗುಂಡಿ ಒತ್ತಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸೊನ್ನೆಯಮ್ಮ ತನ್ನ ಕುರ್ಚಿಗೆ ಬಂದು, ನೀರಿನ ಬಾಟಲಿ ಎತ್ತಿ, ಮುಚ್ಚಳ ತಿರುಗಿಸಿದಳು. ಅಷ್ಟರಲ್ಲಿ ಅವಳ ಫೋನು ಕುಂಯ್ ಎಂದಿತು.

ಓದಿದಳು. ಬಾಟಲಿ ಕೈಯಿಂದ ಜಾರಿ ಬಿತ್ತು. ನೀರು ಮೇಜಿನ ಮೇಲೆಲ್ಲ ಹರಿಯಿತು. ಅವಳು ಅದರತ್ತ ನೋಡಲಿಲ್ಲ.

"ಅಕ್ಕಾ, ಏನಾಯ್ತು?" ನಾನು ಎದ್ದು ಒಳಗೆ ಓಡಿದೆ.

ಗರ ಬಡಿದವಳಂತೆ ನಿಂತಿದ್ದಳು. ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ನಿಮ್ಮ ಪತಿಯವರ ಅಗಲಿಕೆಗೆ ಬಂದರಿನ ಕ್ಷೇಮ ಕಚೇರಿಯು ತೀವ್ರ ಸಂತಾಪ ಸೂಚಿಸುತ್ತದೆ" ಎಂಬ ಮೊದಲ ಸಾಲನ್ನು ಮಾತ್ರ ಓದಿದೆ. ಬಂದರಿನಲ್ಲಿ ಯಾರಾದರೂ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ ಇನ್ನು ಮುಂದೆ ತಕ್ಷಣ ಸಂದೇಶ ಹೋಗುತ್ತದೆ ಎಂದು ಕಂಪನಿಯವರು ಹೆಮ್ಮೆಯಿಂದ ಹೇಳಿದ್ದರು. ಅದೇ ಸಂದೇಶ, ನಮ್ಮದೇ ಕಚೇರಿಯಿಂದ. ಕ್ರೇನಿನ ಕೆಲಸ ಬೇರೆ.

ಅವಳು ಫೋನು ಕಿತ್ತುಕೊಂಡು ಬಾಗಿಲಿನತ್ತ ನಡೆದಳು. ನಡಿಗೆ ಓಟವಾಯಿತು. ಕೌಂಟರಿನ ಮುಂದೆ ನಿಂತಿದ್ದವರನ್ನು ಹಾಗೇ ಬಿಟ್ಟು ನಾನೂ ಬೆನ್ನು ಹತ್ತಿದೆ. ಗೋದಾಮುಗಳ ನಡುವಿನ ರಸ್ತೆ, ಲಾರಿಗಳ ಸಾಲು, ಎಣ್ಣೆಯ ಜಿಡ್ಡು. ಅವಳ ಒಂದು ಚಪ್ಪಲಿ ಕಿತ್ತು ಹಿಂದೆ ಉಳಿಯಿತು. ಯಾರೋ ಬೈದರು. ಅವಳಿಗೆ ಕೇಳಿಸಲಿಲ್ಲ.

ದಾರಿಯಲ್ಲಿ ನನ್ನ ಫೋನು ಕುಂಯ್ ಎಂದಿತು. ಓಡುತ್ತಲೇ ನೋಡಿದೆ. ನನ್ನ ತಂದೆಯ ಅಗಲಿಕೆಗೆ ಸಂತಾಪ.

ನಾನು ನಿಂತಲ್ಲೇ ನಿಂತೆ. ನಮ್ಮಪ್ಪ ಬಂದರಿನಲ್ಲಿ ಹಗ್ಗದ ಕೆಲಸ ಮಾಡಿ ನಿವೃತ್ತರಾದವರು. ನಾನು ಹೊರಟಾಗ ಪೇಪರು ತಡವಾಯಿತೆಂದು ಬೀದಿಯಲ್ಲಿ ನಿಂತು ಜಗಳವಾಡುತ್ತಿದ್ದರು. ಮನೆಗೆ ಫೋನು ಮಾಡಿದೆ. ಅವರೇ ಎತ್ತಿದರು. "ಏನು? ಕನ್ನಡಕ ನನ್ನ ಹತ್ರಾನೇ ಇದೆ, ಹುಡುಕಬೇಡ" ಎಂದರು. ಏನೋ ಎಡವಟ್ಟಾಗಿದೆ ಎಂದು ಆಗ ಹೊಳೆಯಿತು. "ಅಕ್ಕಾ, ನಿಲ್ಲಕ್ಕಾ!" ಎಂದು ಕೂಗಿದೆ. ಯಂತ್ರಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ನಾನು ಹಡಗು ನಿಲ್ಲುವ ಕಟ್ಟೆಗೆ ಹೋಗಿ ಸೇರಿದಾಗ ಅವಳು ಕ್ರೇನಿನ ಬುಡದಲ್ಲಿ ಕುತ್ತಿಗೆ ಎತ್ತಿ ನಿಂತಿದ್ದಳು. ಕ್ರೇನು ಅಲುಗಾಡುತ್ತಿರಲಿಲ್ಲ. ಸರಕಿನ ದೊಡ್ಡ ಪೆಟ್ಟಿಗೆಯೊಂದು ನಡು ಆಕಾಶದಲ್ಲಿ ಸುಮ್ಮನೆ ತೂಗುತ್ತಿತ್ತು. ಕೆಳಗಿದ್ದವರು ಹಡಗಿನತ್ತ ಮುಖ ಮಾಡಿ ಏನನ್ನೋ ಕಾಯುತ್ತಿದ್ದರು.

"ರೀ!" ಎಂದು ಕೂಗಿದಳು. ಕಚೇರಿಯಲ್ಲಿ ಎಂದೂ ಸ್ವರ ಏರಿಸದವಳು. "ರೀ... ರೀ...!"

ಕಟ್ಟೆಯಲ್ಲಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ತಿರುಗಿ ನೋಡಿದರು. ಮೇಲೆ ಕ್ಯಾಬಿನ್ನಿನ ಕಿಟಕಿ ಜರುಗಿತು. ಹಳದಿ ಟೋಪಿಯ ತಲೆಯೊಂದು ಹೊರಬಂತು.

"ಏನೇ? ಮನೆಗೆ ಬೀಗ ಹಾಕ್ಲಿಲ್ವಾ?"

ಅವಳು ಅಲ್ಲೇ ಸುತ್ತಿಟ್ಟಿದ್ದ ಹಗ್ಗದ ಮೇಲೆ ಕುಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ, ಎರಡೂ ಒಟ್ಟಿಗೇ ಬರುತ್ತಿದ್ದವು. ನಾನು ಪಕ್ಕದಲ್ಲಿ ಕೂತು ನನ್ನ ಫೋನನ್ನು ಅವಳ ಕೈಗಿಟ್ಟೆ. "ನನಗೂ ಬಂದಿದೆಯಕ್ಕಾ. ನಮ್ಮಪ್ಪನ ಹೆಸರಲ್ಲಿ. ಅಪ್ಪ ಚೆನ್ನಾಗಿದ್ದಾರೆ."

ಅವಳು ಎದೆಯ ಮೇಲೆ ತೂಗುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿ, ಮೊದಲ ಬಾರಿಗೆ, ಸಂದೇಶವನ್ನು ಕೊನೆಯವರೆಗೆ ಓದಿದಳು. ಎರಡನೆಯ ಸಾಲಿನಲ್ಲಿ ತೀರಿಕೊಂಡ ದಿನಾಂಕವಿತ್ತು: 30-12-1899.

ಅವಳ ಮುಖದ ಬಣ್ಣ ಇಳಿದುಹೋಯಿತು. ಗಂಡ ಸತ್ತನೆಂದು ಓದಿದಾಗಲೂ ಆ ಮುಖ ಹಾಗಾಗಿರಲಿಲ್ಲ.

"ಇದು ನಂದು" ಎಂದಳು.

"ಏನು ನಿಂದು?"

"ಈ ತಾರೀಖು. ಇದು ತಾರೀಖೇ ಅಲ್ಲ ಕಣೇ. ಖಾಲಿ. ಖಾಲಿ ಗೂಡನ್ನ ಹೊಸ ಪ್ರೋಗ್ರಾಮು ಹೀಗೆ ಓದಿದೆ." ಎದ್ದು ನಿಂತಳು. "ಅಯ್ಯೋ ದೇವರೇ. ಬದುಕಿರೋರ ಗೂಡೆಲ್ಲ ಖಾಲಿ. ಎಲ್ಲರಿಗೂ ಹೋಗಿರುತ್ತೆ. ಒಬ್ಬರನ್ನೂ ಬಿಡದೆ, ಎಲ್ಲರಿಗೂ!"

ಆಗಿದ್ದು ಇಷ್ಟೇ. ಹಳೆಯ ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಮರಣದ ತಾರೀಖಿಗೆಂದು ಒಂದು ಗೂಡಿತ್ತು. ಬದುಕಿದ್ದವರದು ಖಾಲಿ, ತಾರೀಖಿನ ಅಂಕಿಗಳ ನಡುವೆ ಬರುವ ಎರಡು ಓರೆಗೆರೆ ಮಾತ್ರ ಕಾಣುತ್ತಿತ್ತು. ಹುಟ್ಟಿದ, ಕೆಲಸಕ್ಕೆ ಸೇರಿದ, ನಿವೃತ್ತನಾದ ತಾರೀಖುಗಳನ್ನು ಸಾಗಿಸುವಾಗ ಅವಳು "ಖಾಲಿ ಇದ್ದರೆ ಏನೂ ಇಲ್ಲ ಎಂದೇ ಬರೆ" ಎಂದು ಒಂದು ಸಾಲು ಸೇರಿಸಿದ್ದಳು. ಮರಣದ ಗೂಡಿಗೆ ಆ ಸಾಲು ಹಾಕಲು ಮರೆತಿದ್ದಳು. ಹಾಗೆ ಬಿಡಿಸಿ ಹೇಳದಿದ್ದರೆ ಹೊಸ ಪ್ರೋಗ್ರಾಮಿಗೆ ಖಾಲಿ ತಾರೀಖು ಎಂದರೆ ಗೊತ್ತಿಲ್ಲ. ಖಾಲಿ ಬಂದ ಕಡೆ ಅದು ತನ್ನ ಎಣಿಕೆ ಶುರುವಾಗುವ ದಿನವನ್ನು ಬರೆದುಕೊಂಡಿತು. ಮರಣದ ಗೂಡಿನಲ್ಲಿ ತಾರೀಖು ಇದೆ ಅಂದಮೇಲೆ ಮನುಷ್ಯ ಸತ್ತಿದ್ದಾನೆ, ಸತ್ತಿದ್ದರೆ ಮನೆಯವರಿಗೆ ಸಂತಾಪ ಹೇಳಬೇಕು. ಅದು ಹೇಳಿತು.

ನಾವು ಕಚೇರಿಗೆ ಮರಳುವಷ್ಟರಲ್ಲಿ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಫೋನುಗಳೂ ಒಟ್ಟಿಗೇ ಬಡಿದುಕೊಳ್ಳುತ್ತಿದ್ದವು. ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಸೊನ್ನೆಯಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ಸಂದೇಶ ಕಳಿಸುವ ಯಂತ್ರದ ತಂತಿಯನ್ನು ಕಿತ್ತಳು. ಆಮೇಲೆ ತಿರುಗಿ, "ಕಂಪನಿಯವರದಲ್ಲ ಸಾರ್. ನಂದು. ಒಂದು ಸಾಲು ಬಿಟ್ಟುಹೋಗಿದೆ" ಎಂದಳು.

ಸಾಹೇಬರು ತಲೆ ಎತ್ತಿದರು. "ನಮ್ಮಮ್ಮ ಊರಿಂದ ಹೊರಟುಬಿಟ್ಟಿದ್ದಾರೆ ಕಣಮ್ಮಾ" ಎಂದರು, ಅಳು ನುಂಗಿಕೊಂಡು. "ನನ್ನ ಹೆಣ ನೋಡೋಕೆ."

ಆ ದಿನ ಕೌಂಟರಿನಲ್ಲಿ ನಾನು ಕಂಡದ್ದನ್ನು ಮರೆಯುವ ಹಾಗಿಲ್ಲ. ಒಬ್ಬ ಮೂಟೆ ಹೊರುವವನು ಬಂದು, "ನಾನು ಸತ್ತಿದ್ದೀನಂತೆ, ಯಾರನ್ನ ಕೇಳಬೇಕು?" ಎಂದ. ಅವನ ಬೆನ್ನಿಗೆ ಅವನ ಅತ್ತೆ, ಭಾವಮೈದುನ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಅಣ್ಣ. ಒಬ್ಬ ಹೆಂಗಸು ಗಂಡನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅವನು ಎಷ್ಟು ಸಮಾಧಾನ ಹೇಳಿದರೂ ಬಿಡಲಿಲ್ಲ. ಒಬ್ಬಳು ಬಸ್ಸಿನಲ್ಲೇ ಎಚ್ಚರ ತಪ್ಪಿ ಬಿದ್ದು ಆಸ್ಪತ್ರೆ ಸೇರಿದ್ದಳು. ಸೊನ್ನೆಯಮ್ಮ ಸಂಜೆ ಅಲ್ಲಿಗೇ ಹೋಗಿ ಅವಳ ಹಾಸಿಗೆಯ ಪಕ್ಕ ನಿಂತು, ಅವಳ ಅಣ್ಣಂದಿರಿಂದ ಬಾಯಿಗೆ ಬಂದಂತೆ ಬೈಸಿಕೊಂಡು ಬಂದಳು. ನನ್ನಪ್ಪ ಮಾತ್ರ ವಾರವಿಡೀ, "ಸತ್ತವನಿಗೆ ಇನ್ನೊಂದು ಲೋಟ ಕಾಫಿ ಕೊಡಮ್ಮಾ, ಪುಣ್ಯ ಬರುತ್ತೆ" ಎನ್ನುತ್ತಾ ತಿರುಗಿದರು.

ಎರಡನೆಯ ಸಂದೇಶ ಮಧ್ಯಾಹ್ನವೇ ಹೋಗಿತ್ತು: ಹಿಂದಿನ ಸಂದೇಶವು ತಪ್ಪಾಗಿ ಕಳಿಸಲ್ಪಟ್ಟಿದೆ, ಕ್ಷಮಿಸಿ. ಮಾರನೆಯ ದಿನ ಸುದ್ದಿ ಪೇಪರುಗಳಿಗೆ ಏರಿತು. ವಿಚಾರಿಸುವವರಿಗೆಂದು ನನ್ನ ಕೌಂಟರಿನ ಫೋನ್ ನಂಬರನ್ನೂ ಅಚ್ಚು ಹಾಕಿದ್ದರು. ಆ ಸುಳ್ಳು ತಾರೀಖು ಬಿದ್ದ ಮರಣದ ಗೂಡುಗಳನ್ನೆಲ್ಲ ಸೊನ್ನೆಯಮ್ಮ ಮತ್ತೆ ಖಾಲಿ ಮಾಡಿದಳು. ಮೇಲಿನವರು ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು, ತೆಗೆದುಕೊಂಡಳು. ಗಲಾಟೆ ತಣ್ಣಗಾಯಿತು ಎಂದುಕೊಂಡೆವು.

ಆಗ ಲಾಂಡ್ರಿಯಮ್ಮ ಬಂದಳು.

ಅವಳನ್ನು ನಾನು ಬಲ್ಲೆ. ಬಂದರಿನ ಹಿಂದಿನ ಬೀದಿಯಲ್ಲಿ ಲಾಂಡ್ರಿ ಅಂಗಡಿ ಇಟ್ಟುಕೊಂಡವಳು. ವರ್ಷಕ್ಕೊಮ್ಮೆ ಆರೋಗ್ಯ ಕಾರ್ಡು ಹೊಸದು ಮಾಡಿಸಲು ಬರುತ್ತಿದ್ದಳು, ಹೆಚ್ಚು ಮಾತಿಲ್ಲ. ಅವಳ ಗಂಡ ಗೋದಾಮಿನಲ್ಲಿ ಕೆಲಸಕ್ಕಿದ್ದವನು. ಮದುವೆಯಾದ ಕೆಲವೇ ವರ್ಷಕ್ಕೆ, ಒಂದು ದಿನ ಕೆಲಸ ಮುಗಿಸಿ ಗೇಟು ದಾಟಿದವನು ಮನೆ ಮುಟ್ಟಿರಲಿಲ್ಲ. ಹುಡುಕಿದ್ದರು, ಸಿಕ್ಕಿರಲಿಲ್ಲ. ಅವಳ ತಲೆ ಈಗ ಪೂರ್ತಿ ನರೆತಿತ್ತು.

ಅವತ್ತು ಅವಳ ಮುಖದಲ್ಲಿ ನಾನು ಎಂದೂ ಕಾಣದ ನಿರಾಳತೆ ಇತ್ತು. ಫೋನನ್ನು ಕೌಂಟರಿನ ಮೇಲಿಟ್ಟು, "ತಾರೀಖೊಂದು ತಪ್ಪಾಗಿದೆಯಮ್ಮಾ. ಸರಿಮಾಡಿ ಕೊಡ್ತೀರಾ?" ಎಂದಳು. "ಇವರು ಅಷ್ಟು ಹಳಬರಲ್ಲ. ಸರಿಯಾದ ದಿನ ಯಾವುದು ಅಂತ ಹೇಳಿದ್ರೆ ಸಾಕು. ಎಲ್ಲಿ, ಹೇಗೆ ಅಂತ ಗೊತ್ತಿದ್ರೆ ಅದನ್ನೂ."

ನನಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು.

"ಅಮ್ಮಾ... ಆಮೇಲೆ ಇನ್ನೊಂದು ಮೆಸೇಜ್ ಬಂದಿತ್ತಲ್ಲ? ತಪ್ಪಾಗಿದೆ ಅಂತ?"

"ಬಂತು, ಓದಿದೆ. ಅದು ಸಂಜೆ ಗಂಡ ಮನೆಗೆ ಬಂದೋರಿಗೆ." ಅವಳು ನಕ್ಕಳು. "ನಮ್ಮನೆಗೆ ಯಾರೂ ಬರಲಿಲ್ಲವಲ್ಲ. ಅದಕ್ಕೇ ನಮ್ಮದು ನಿಜ ಅಂತ ಗೊತ್ತಾಯ್ತು. ಇಷ್ಟು ವರ್ಷ ಆದ್ಮೇಲೂ ಹುಡುಕಿ ಹೇಳಿದ್ರಲ್ಲ, ನಿಮಗೆ ದೊಡ್ಡ ಉಪಕಾರ."

ಗಾಜಿನ ಆಚೆ ಸೊನ್ನೆಯಮ್ಮ ಎದ್ದು ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. "ನೋಡಿ ಹೇಳ್ತೀವಮ್ಮಾ" ಎಂದು ನಾನೇ ಹೇಳಿ ಕಳಿಸಿದೆ. ಲಾಂಡ್ರಿಯಮ್ಮ ಕೈಮುಗಿದು ಹೋದಳು.

"ನಾನು ಹೋಗ್ಬೇಕು" ಎಂದಳು ಸೊನ್ನೆಯಮ್ಮ. "ನೀನು ಬರ್ತೀಯಾ? ಒಬ್ಬಳೇ ಹೋದ್ರೆ ದಾರೀಲೇ ವಾಪಸ್ ಬಂದುಬಿಡ್ತೀನಿ."

ಲಾಂಡ್ರಿ ಅಂಗಡಿ ಎಂದರೆ ಒಂದೇ ಕೋಣೆ. ಮುಂದೆ ಉದ್ದನೆಯ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ. ಗೋಡೆಯುದ್ದಕ್ಕೂ ಮಡಿಸಿದ ಬಟ್ಟೆಗಳ ಗಂಟುಗಳು, ಒಂದೊಂದಕ್ಕೂ ಬಣ್ಣದ ದಾರ. ಹಿಂದೆ ಪರದೆ, ಪರದೆಯಾಚೆ ಅವಳ ಮಂಚ, ಒಲೆ. ನಾವು ಹೋದಾಗ ಅವಳು ಯಾರದೋ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ಬನ್ನಿ ಬನ್ನಿ" ಎಂದು ಸ್ಟೂಲು ಎಳೆದಳು. ಸೊನ್ನೆಯಮ್ಮ ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಗೂಡು ಎಂದಳು, ಖಾಲಿ ಎಂದಳು, ಒಂದು ಸಾಲು ಮರೆತೆ ಎಂದಳು.

ಲಾಂಡ್ರಿಯಮ್ಮನ ಕೈ ನಿಂತಿತು. "ಹಾಗಾದ್ರೆ ಬದುಕಿದ್ದಾರಾ?"

"ಗೊತ್ತಿಲ್ಲಮ್ಮಾ."

"ಸತ್ತಿದ್ದಾರಾ?"

"ಅದೂ ಗೊತ್ತಿಲ್ಲ. ಆ ಜಾಗ ಖಾಲಿ ಇದೆ."

"ಖಾಲಿ ಇತ್ತು ಅಂತ ನನಗೆ ಗೊತ್ತಿರಲಿಲ್ವಾ?" ಅವಳ ದನಿ ಏರಿತು. "ಇಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದೀನಿ. ಖಾಲಿ ಇದ್ದದ್ದನ್ನ ನೀವ್ಯಾಕಮ್ಮಾ ತುಂಬಿದ್ರಿ? ತುಂಬಿದ ಮೇಲೆ ಮತ್ಯಾಕೆ ಬರಿದು ಮಾಡೋಕೆ ಬಂದ್ರಿ?"

ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಉಳಿದಿತ್ತು. ಅವಳು ಅದನ್ನು ಎತ್ತಿದಾಗ ಬೆನ್ನಿನ ನಡುವೆ ಕಂದು ಬಣ್ಣದ ಗುರುತು. ಅದನ್ನೇ ದಿಟ್ಟಿಸಿದಳು. "ಮೊನ್ನೆ ಚೆನ್ನಾಗಿ ಅತ್ತೆ" ಎಂದಳು, ಈಗ ಮೆಲ್ಲಗೆ. "ಅತ್ತು ಮಲಗಿದೆ. ಹೊಟ್ಟೆತುಂಬ ಉಂಡೆ. ಇನ್ನು ಮತ್ತೆ ಮೊದಲಿಂದ ಶುರು ಮಾಡ್ಬೇಕಾ? ಹೋಗಿ, ನೀವಿಬ್ಬರೂ ಇಲ್ಲಿಂದ ಹೋಗಿ."

ಬಂದೆವು. ಬೀದಿಯ ತಿರುವಿನಲ್ಲಿ ಸೊನ್ನೆಯಮ್ಮ ಒಂದು ಗೋಡೆಗೆ ಒರಗಿ ನಿಂತಳು.

ಕೆಲವು ವಾರ ಕಳೆದವು. ಮಧ್ಯಾಹ್ನದ ಊಟ ಮುಗಿಸಿ ಕೌಂಟರಿಗೆ ಬಂದು ಕೂತಿದ್ದೆ, ಫೋನು ಬಂತು. ದೂರದ ಊರಿನ ನಂಬರು. ವಯಸ್ಸಾದ ಗಂಡಸಿನ ದನಿ.

"ಪೇಪರಿನಲ್ಲಿ ನೋಡಿದೆ. ಆ ಸಾವಿನ ಮೆಸೇಜು ಹಳಬರ ಮನೆಗೂ ಹೋಗಿದೆಯಾ? ಕೆಲಸ ಬಿಟ್ಟು ಬಹಳ ಕಾಲ ಆದೋರ ಮನೆಗೆ?"

"ಎಲ್ಲರಿಗೂ ಹೋಗಿದೆ ಸಾರ್. ತಪ್ಪಾಗಿದೆ, ಕ್ಷಮಿಸಿ. ಯಾರ ಮನೆ?"

ಅವನು ಸದಸ್ಯ ಸಂಖ್ಯೆ ಹೇಳಿದ. ತಡವರಿಸದೆ, ತನ್ನ ಹೆಸರು ಹೇಳಿದಷ್ಟು ಸಲೀಸಾಗಿ. ನಾನು ಅದನ್ನು ಕಂಪ್ಯೂಟರಿಗೆ ಹಾಕಿದೆ. ಲಾಂಡ್ರಿ ಅಂಗಡಿಯ ವಿಳಾಸ ಬಂದು ನಿಂತಿತು.

"ನೀವು... ಅವರಿಗೆ ಏನಾಗಬೇಕು?"

"ಸ್ನೇಹಿತ." ಆಮೇಲೆ, "ಅವಳು ನಂಬಿದಾಳಾ?" ಎಂದ.

ಗಂಡನ ಸ್ನೇಹಿತನಾದವನು ಹಾಗೆ ಕೇಳುವುದಿಲ್ಲ. ಗಾಜಿಗೆ ಬಡಿದೆ. ಸೊನ್ನೆಯಮ್ಮ ಬಂದಳು, ಪರದೆ ನೋಡಿದಳು, ನನ್ನ ಮುಖ ನೋಡಿದಳು, ಫೋನು ತೆಗೆದುಕೊಂಡಳು. ಅದರ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ನೀವೇ ಅಲ್ವಾ?" ಎಂದಳು.

ಅತ್ತಲಿಂದ: "ಇಲ್ಲಿ ನನಗೆ ಮೊಮ್ಮಕ್ಕಳಿದ್ದಾರೆ. ಅವಳು ನಂಬಿದ್ರೆ ಹಾಗೇ ಇರಲಿ ಬಿಡಿ ಅಮ್ಮಾ. ಒಂದು ಲೆಕ್ಕಕ್ಕೆ ನೀವು ಮಾಡಿದ್ದು ಒಳ್ಳೇದೇ ಆಯ್ತು."

ಸೊನ್ನೆಯಮ್ಮ ಮೇಜನ್ನು ಹಿಡಿದುಕೊಂಡಳು. "ನಾನು ಮಾಡಿದ್ದು ತಪ್ಪು" ಎಂದಳು. "ಅದನ್ನ ಒಳ್ಳೇದು ಅನ್ನೋಕೆ ನೀವ್ಯಾರು?" ಅತ್ತ ಫೋನು ಇಟ್ಟ ಸದ್ದು.

ಅವಳು ಅಲ್ಲೇ ನನ್ನ ಕುರ್ಚಿಯಲ್ಲಿ ಕೂತುಬಿಟ್ಟಳು. "ಮೊಮ್ಮಕ್ಕಳಂತೆ" ಎಂದಳು. ಮತ್ತೆ, "ಮೊಮ್ಮಕ್ಕಳಂತೆ ಕಣೇ."

ಹೇಳಬೇಕೋ ಬೇಡವೋ ಎಂದು ಅವಳು ಎರಡು ದಿನ ಒದ್ದಾಡಿದಳು. ಅವಳ ಗಂಡ, "ಇದರಲ್ಲಿ ಮತ್ತೆ ಕೈಹಾಕಬೇಡ" ಎಂದ. ಸಾಹೇಬರಂತೂ ಆ ಮಾತನ್ನು ಕೇಳಿಸಿಕೊಳ್ಳಲೂ ಒಲ್ಲೆ ಎಂದರು. ನನ್ನನ್ನು ಕೇಳಿದಾಗ ನಾನು, "ಆ ತಾಯಿ ಈಗಾಗಲೇ ಎರಡು ಸಲ ಪೆಟ್ಟು ತಿಂದಿದ್ದಾಳೆ" ಎಂದೆ.

"ಅದಕ್ಕೇ ಹೇಳ್ಬೇಕು" ಎಂದಳು. "ಗೊತ್ತಿಲ್ಲದಾಗ ತುಂಬಿದ್ದು ಒಂದು ತಪ್ಪು. ಗೊತ್ತಿದ್ದೂ ಖಾಲಿ ಬಿಡೋದು ಇನ್ನೊಂದು."

ನಮ್ಮನ್ನು ಕಂಡು ಲಾಂಡ್ರಿಯಮ್ಮ ಮುಖ ತಿರುಗಿಸಿದಳು. ಆದರೂ ಹೋಗಿ ಎನ್ನಲಿಲ್ಲ. ಸೊನ್ನೆಯಮ್ಮ ಮೊದಲು ಇಸ್ತ್ರಿಪೆಟ್ಟಿಗೆಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ಹೇಳಿದಳು. ಮೊಮ್ಮಕ್ಕಳ ವಿಷಯವನ್ನೂ ಬಚ್ಚಿಡಲಿಲ್ಲ.

ಲಾಂಡ್ರಿಯಮ್ಮ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು. ಹೊರಗೆ ಲಾರಿಯೊಂದು ಹೋಗುವಾಗ ಅಂಗಡಿಯ ತಗಡೆಲ್ಲ ನಡುಗಿತು.

"ದನಿ ಹೇಗಿತ್ತು?" ಎಂದಳು ಕೊನೆಗೆ.

"ಗಟ್ಟಿಯಾಗೇ ಇತ್ತು."

"ಕೆಮ್ಮು?"

"ಇಲ್ಲ."

"ಇಲ್ಲಿದ್ದಾಗ ಕೆಮ್ಮು ಇತ್ತು." ಅವಳು ತಲೆಯಾಡಿಸಿದಳು, ಅದು ಬಹಳ ದೊಡ್ಡ ವಿಷಯವೆಂಬಂತೆ. ನಂತರ ಕೈಚಾಚಿದಳು. "ನಂಬರು ಕೊಡಿ."

ನಾನು ಕೊಟ್ಟೆ. ಅವಳು ನಮ್ಮೆದುರೇ ಫೋನು ಮಾಡಿದಳು. ರಿಂಗು ಹೋಗುತ್ತಿತ್ತು. ಸೊನ್ನೆಯಮ್ಮ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ಅಲ್ಲಿ ಕೆಂಪಗಾಗಿತ್ತು. ಅತ್ತ ಯಾರೋ ಎತ್ತಿದರು.

"ನಾನು" ಎಂದಳು ಲಾಂಡ್ರಿಯಮ್ಮ. "ಇಡಬೇಡಿ. ಬೈಯೋಕೆ ಮಾಡಿಲ್ಲ, ಕರೆಯೋಕೂ ಮಾಡಿಲ್ಲ. ನೀವು ಹೋದಾಗಿನಿಂದ ಮುಂಬಾಗಿಲಿಗೆ ಚಿಲಕ ಹಾಕದೆ ಮಲಗ್ತಿದ್ದೆ, ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ಅಂತ. ಕಳ್ಳರ ಭಯಕ್ಕೆ ಸರಿಯಾಗಿ ನಿದ್ದೇನೇ ಮಾಡಿಲ್ಲ. ಇವತ್ತಿಂದ ಚಿಲಕ ಹಾಕ್ತೀನಿ. ತಿಳಿಸಿ ಹಾಕೋಣ ಅಂತ ಮಾಡಿದೆ."

ಫೋನನ್ನು ಮೇಜಿನ ಮೇಲಿಟ್ಟಳು. ಕಣ್ಣು ಒಣಗಿತ್ತು. ನಮ್ಮಿಬ್ಬರನ್ನೂ ನೋಡಿ, "ಯಾಕ್ರಮ್ಮಾ ಹಾಗೆ ಕಣ್ಣುಕಣ್ಣು ಬಿಡ್ತೀರಾ? ಕೂತ್ಕೊಳ್ಳಿ, ಚಹಾ ಮಾಡ್ತೀನಿ" ಎಂದಳು. ಪರದೆಯ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ. ಒಲೆ ಹಚ್ಚಿದ ಸದ್ದೂ ಇಲ್ಲ. ಸೊನ್ನೆಯಮ್ಮ ಎದ್ದು ಒಳಗೆ ಹೋದಳು. ನಾನು ಹೋಗಲಿಲ್ಲ. ಗಿರಾಕಿಯೊಬ್ಬ ಬಂದು ನೀಲಿ ದಾರದ ಗಂಟು ಕೇಳಿದ. ಹುಡುಕಿ ಕೊಟ್ಟು ಕಳಿಸಿದೆ.

ಲಾಂಡ್ರಿಯಮ್ಮನ ಗಂಡ ಬರಲಿಲ್ಲ, ಮತ್ತೆ ಫೋನನ್ನೂ ಮಾಡಲಿಲ್ಲ. ಲಾಂಡ್ರಿಯಮ್ಮ ಗಂಡನ ಹೆಸರಿನಲ್ಲಿದ್ದ ಆರೋಗ್ಯ ಕಾರ್ಡಿನ ವಿಷಯದಲ್ಲಿ ಏನು ಮಾಡಬೇಕೆಂದು ವಕೀಲರನ್ನು ಕೇಳಿ ಬಂದಳು, ಸೊನ್ನೆಯಮ್ಮ ಜೊತೆಗೆ ಹೋಗಿದ್ದಳು. ಇಬ್ಬರ ನಡುವೆ ಗೆಳೆತನವೆಂದು ಕರೆಯಬಹುದಾದದ್ದು ಬೆಳೆಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಸೊನ್ನೆಯಮ್ಮನ ಮನೆಯ ಬಟ್ಟೆಗಳು ಅಲ್ಲಿಗೇ ಹೋಗತೊಡಗಿದವು. ಒಮ್ಮೊಮ್ಮೆ ಅವಳು ಅವನ್ನು ತರಲು ಹೋದರೆ ಕತ್ತಲಾದ ಮೇಲೇ ಬರುತ್ತಾಳೆಂದು ಅವಳ ಗಂಡ ಗೊಣಗುತ್ತಿದ್ದ.

ಈಗ ಸೊನ್ನೆಯಮ್ಮ, ಅವಳ ಗಂಡ ಇಬ್ಬರೂ ನಿವೃತ್ತರು. ಮೊನ್ನೆ ಅವರ ಮನೆಗೆ ಹೋಗಿದ್ದೆ. ಗಂಡ ಅಂಗಳದಲ್ಲಿ ಕುರ್ಚಿಯ ಮುರಿದ ಕಾಲು ಕೂರಿಸುತ್ತಿದ್ದ. ನಾವು ಒಳಗೆ ಮಾತಾಡುತ್ತಿದ್ದಾಗ ಅವಳ ಫೋನು ಕುಂಯ್ ಎಂದಿತು. ಅವಳು ಅದನ್ನು ಮುಟ್ಟಲಿಲ್ಲ. ಮಾತು ಅರ್ಧಕ್ಕೆ ಬಿಟ್ಟು, ಎದ್ದು ಹೋಗಿ, ಕಿಟಕಿಯಿಂದ ಅಂಗಳ ನೋಡಿ ಬಂದಳು.

"ಯಾರ ಮೆಸೇಜಕ್ಕಾ?" ಎಂದೆ.

"ನೀನೇ ಓದು" ಎಂದು ಫೋನನ್ನು ನನ್ನತ್ತ ಸರಿಸಿದಳು.